ಹಸಿ ಕಸದ ಬಕೀಟು

ಬೆಳಿಗ್ಗೆ ನಾಲ್ಕೂವರೆಗೆ ನನಗೆ ಎಚ್ಚರವಾಗುತ್ತದೆ. ನನ್ನ ಕೈಗಳಿಗೆ ಎಚ್ಚರವಾಗುವುದು ಏಳಕ್ಕೆ. ಹಾಜರಿ ಐದೂವರೆಗೆ.

ನಡುವಿನ ಹೊತ್ತನ್ನು ನಾನು ಬೇರೆಯವರ ಕೈಯಲ್ಲಿ ಕಳೆಯುತ್ತೇನೆ. ರವಿಕೆಯ ಹುಕ್ಕು ಹಾಕುವವನು ಗಂಡ ಪರಶುರಾಮ. ಅರೆನಿದ್ದೆಯಲ್ಲಿ ಎದ್ದು ಕೂತು, ಗೊಣಗುತ್ತಾ, ಒಂದು ಹುಕ್ಕು ತಪ್ಪಿಸಿ ಹಾಕುತ್ತಾನೆ. ಸರಿಮಾಡು ಅಂತ ನಾನು ಹೇಳುವುದಿಲ್ಲ. ಸೆರಗು ಮುಚ್ಚುತ್ತದೆ, ಅದರ ಮೇಲೆ ಪೌರಕಾರ್ಮಿಕರ ಕಿತ್ತಳೆ ಕೋಟು ಮುಚ್ಚುತ್ತದೆ. ಹಾಜರಿ ಹಾಕುವ ಜಾಗದಲ್ಲಿ ಓಬಕ್ಕ ನನ್ನ ಬಲಗೈಗೆ ಪೊರಕೆ ಕಟ್ಟುತ್ತಾಳೆ. ಅವಳು ನನ್ನ ಜೋಡಿ ಕೆಲಸದವಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ನನಗಿಂತ ಗಟ್ಟಿ. ಹಳೇ ಸೀರೆಯ ಅಂಚು ಹರಿದು ಒಂದು ಪಟ್ಟಿ ಮಾಡಿಟ್ಟಿದ್ದಾಳೆ. ಪೊರಕೆಯ ಕೋಲನ್ನು ನನ್ನ ಅಂಗೈಗೆ ಒತ್ತಿ, ಮೂರು ಸುತ್ತು ಸುತ್ತಿ ಗಂಟು ಹಾಕುತ್ತಾಳೆ. ನನ್ನ ಬೆರಳು ಮಡಚುವುದಿಲ್ಲ. ಬೆರಳಿಲ್ಲದೆಯೂ ಕಸ ಗುಡಿಸಬಹುದು ಎಂದು ನಾವಿಬ್ಬರೂ ಕಂಡುಹಿಡಿದಿದ್ದೇವೆ.

"ಬಿಗಿ ಆತೇನೆ ದುರ್ಗಿ?"

"ಇಲ್ಲ. ಕಟ್ಟು."

ಬಿಗಿಯಾಗಿರುತ್ತದೆ. ಬಿಗಿಯಾಗದಿದ್ದರೆ ಪೊರಕೆ ಬೀಳುತ್ತದೆ.

ಈ ನೋವಿಗೆ ಏಳು ವರ್ಷ. ಮೊದಲ ನಾಲ್ಕು ವರ್ಷ ಇದಕ್ಕೆ ಹೆಸರು ಇರಲಿಲ್ಲ. ಹೆಸರಿಲ್ಲದ ನೋವನ್ನು ಯಾರೂ ನಂಬುವುದಿಲ್ಲ. ಗಾಯವಾದರೆ ತೋರಿಸಬಹುದು, ಕೈ ಮುರಿದರೆ ಕಟ್ಟು ತೋರಿಸಬಹುದು. ನನ್ನ ಹತ್ತಿರ ತೋರಿಸಲು ಏನಿತ್ತು? ಬೆಳಿಗ್ಗೆ ಊದಿದ ಗೆಣ್ಣು ಮಧ್ಯಾಹ್ನ ಇಳಿಯುತ್ತಿತ್ತು. ಮೇಸ್ತ್ರಿ ಗಿಡ್ಡಪ್ಪ ನಮ್ಮ ಕೇರಿಯವನೇ. ಗುತ್ತಿಗೆದಾರನ ಕೈಕೆಳಗೆ ನಮ್ಮ ಹಾಜರಿ ಹಾಕುವವನು. "ಕಸ ಹೊಡೆಯೋರಿಗೆ ಮೈಕೈ ನೋವು ಬರದೆ ಮತ್ತೇನು ಬರ್ತೈತಿ? ನನಗೂ ಐತೆ ನೋವು, ನಾನೇನು ಹಾಡಿಕೊಂಡು ತಿರುಗ್ತೀನಾ?" ಎನ್ನುತ್ತಿದ್ದ. ಪರಶುರಾಮ ಏನೂ ಅನ್ನುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಹನ್ನೆರಡು ತಾಸು ನಿಂತು ಬಂದವನಿಗೆ ನನ್ನ ನೋವು ಕೇಳಲು ಕಿವಿ ಉಳಿದಿರುತ್ತಿರಲಿಲ್ಲ. ಕೊನೆಗೆ ನನಗೂ ಅನುಮಾನ ಬಂತು. ನಾನು ಸೋಮಾರಿಯೇ ಇರಬೇಕು ಅಂದುಕೊಂಡೆ.

ಅದು ಸೋಮಾರಿತನವಲ್ಲ ಅಂತ ಮೊದಲು ಹೇಳಿದವಳು ಹಜೀರಾಬಿ. ನನ್ನ ತವರು ಹರಿಹರ. ಅಲ್ಲಿ ನಮ್ಮ ಓಣಿಯ ಮೂಲೆಯಲ್ಲಿ ಜಾಫರನ ಔಷಧಿ ಅಂಗಡಿ. ತವರಿಗೆ ಹೋದಾಗಲೆಲ್ಲ ನೋವಿನ ಮುಲಾಮು ಕೊಳ್ಳುತ್ತಿದ್ದೆ. ಒಂದು ಸಲ ಜಾಫರನ ತಾಯಿ ಹಜೀರಾಬಿ ಗಲ್ಲಾದ ಹಿಂದೆ ಕೂತಿದ್ದಳು. ನಾನು ನೋಟು ಬಿಡಿಸಲು ಒದ್ದಾಡುವುದನ್ನು ನೋಡಿದಳು. ತನ್ನ ಎರಡೂ ಕೈ ಎತ್ತಿ ಗಲ್ಲಾದ ಮೇಲೆ ನನ್ನ ಕೈಗಳ ಪಕ್ಕ ಇಟ್ಟಳು. ಅವೇ ಗೆಣ್ಣು. ಅದೇ ಕಡೆ ವಾಲಿದ ಬೆರಳು.

"ಬೇಟಿ, ಇದು ಮುಲಾಮಿಗೆ ಹೋಗಾದಲ್ಲ. ಡಾಕ್ಟ್ರ ಹತ್ರ ಹೋಗು," ಅಂದಳು.

ಹೋದೆ. ಸಂಧಿವಾತ ಅಂದರು. ನಿನ್ನ ಮೈಯೇ ನಿನ್ನ ಕೀಲುಗಳನ್ನು ತಿನ್ನುತ್ತಿದೆ ಅಂದರು. ಅದಕ್ಕೆ ತಿನ್ನಲು ಬೇರೇನೂ ಸಿಕ್ಕಿರಲಿಕ್ಕಿಲ್ಲ ಬಿಡ್ರಿ ಅಂದೆ. ಡಾಕ್ಟರು ನಗಲಿಲ್ಲ. ಒಂದು ಗುಳಿಗೆ ಬರೆದರು. ದಿನವೂ ತಗೊಬೇಕು, ಬಿಡಬಾರದು, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತೆ ಅಂದರು. ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ರವಿಕೆಯ ಹುಕ್ಕು ನಾನೇ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಬಿಚ್ಚಿದೆ. ಮತ್ತೆ ಹಾಕಿಕೊಂಡೆ. ಪರಶುರಾಮ ಮಲಗಿದ್ದವನು ಕಣ್ಣು ಬಿಟ್ಟು, "ಏನು ಹುಚ್ಚು ಹಿಡೀತೇನು?" ಅಂದ. ಆ ದಿನ ನಾನು ಎಷ್ಟು ಖುಷಿಯಾಗಿದ್ದೆ ಅಂದರೆ ಅವನಿಗೆ ಬೈಯಲಿಲ್ಲ.

ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಕೊರೊನಾ ಬಂತು.

ಕೊರೊನಾ ಬಂದಾಗ ಊರು ಬಾಗಿಲು ಹಾಕಿತು. ನಾವು ಬಾಗಿಲ ಹೊರಗಿದ್ದೆವು. ಮೊದಲೂ ಅಲ್ಲೇ ಇದ್ದೆವು, ಹಾಗಾಗಿ ಹೊಸದೇನೂ ಅನ್ನಿಸಲಿಲ್ಲ. ಜನ ಚಪ್ಪಾಳೆ ಹೊಡೆದರು. ಟಿವಿಯಲ್ಲಿ ಯಾರೋ ದೊಡ್ಡವರು ಈ ರೋಗಕ್ಕೆ ಒಂದು ಗುಳಿಗೆ ಐತೆ ಅಂದರು. ಮುಂಚೆಯೇ ತಿಂದರೆ ರೋಗ ಹತ್ತಿರ ಸುಳಿಯುವುದಿಲ್ಲ ಅಂದರಂತೆ. ಅದರ ಹೆಸರು ಕೇಳಿದಾಗ ನಾನು ಊಟ ಮಾಡುತ್ತಿದ್ದೆ. ನನ್ನ ಗುಳಿಗೆಯ ಹೆಸರು ಅದು. ಟಿವಿಯಲ್ಲಿ ನನ್ನ ಗುಳಿಗೆಯ ಹೆಸರು ಬಂತಲ್ಲ ಅಂತ ಒಂದು ಕ್ಷಣ ಹೆಮ್ಮೆಯಾಯಿತು. ಅಷ್ಟು ದಡ್ಡಿ ನಾನು.

ಮೂರೇ ದಿನಕ್ಕೆ ನಮ್ಮ ದಾವಣಗೆರೆಯ ಯಾವ ಅಂಗಡಿಯಲ್ಲೂ ಅದು ಇರಲಿಲ್ಲ. ಆಸ್ಪತ್ರೆಯಲ್ಲಿ ಜ್ವರದವರನ್ನು ಬಿಟ್ಟು ಬೇರೆಯವರನ್ನು ನೋಡುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಕಾವಲಿನವನು, "ಮೈಕೈ ನೋವಿಗೆಲ್ಲ ಈಗ ಬರಬ್ಯಾಡ್ರಿ, ಜೀವ ಹೋಗೋ ಕೇಸೇ ಬೇಕಾದಷ್ಟು ಅದಾವೆ," ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನನ್ನ ಜೀವ ಹೋಗುತ್ತಿರಲಿಲ್ಲ. ಕೈ ಹೋಗುತ್ತಿತ್ತು.

ಉಳಿದಿದ್ದ ಗುಳಿಗೆಯನ್ನು ದಿನ ಬಿಟ್ಟು ದಿನ ತಗೊಂಡೆ. ಆಮೇಲೆ ಅರ್ಧ ಮಾಡಿಕೊಂಡೆ. ಅರ್ಧ ಮಾಡಲು ನನಗೆ ಆಗುತ್ತಿರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಮುರಿಯುತ್ತಿದ್ದೆ. ಅದು ಕಹಿ. ಬೇವಿಗಿಂತ ಕಹಿ. ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ ಇಡುತ್ತಿದ್ದೆ. ಕೀಲುಗಳು ಮೊದಲು ಬಿಸಿಯಾದವು, ಆಮೇಲೆ ಊದಿದವು. ಜೊತೆಗೆ ಸಣ್ಣ ಜ್ವರ. ಅದು ಈ ರೋಗದ ಜ್ವರ, ಕೊರೊನಾದ್ದಲ್ಲ, ಆದರೆ ಗಿಡ್ಡಪ್ಪನ ಕೈಯಲ್ಲಿದ್ದ ಹಣೆಗೆ ಹಿಡಿಯುವ ಮಿಷನ್ನಿಗೆ ಅದು ತಿಳಿಯುತ್ತದೆಯೇ? ಜ್ವರ ಅಂತ ತೋರಿಸಿದರೆ ನನ್ನನ್ನು ಕ್ವಾರಂಟೈನ್ ಅಂತ ಹಾಸ್ಟೆಲಿಗೆ ಹಾಕುತ್ತಾರೆ, ಕೇರಿಗೆ ಬೇಲಿ ಬಡಿಯುತ್ತಾರೆ. ದಿನವೂ ಹಾಜರಿಗೆ ಮುಂಚೆ ನಲ್ಲಿಯಲ್ಲಿ ಸೆರಗು ಒದ್ದೆ ಮಾಡಿ ಹಣೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಮಿಷನ್ನು ಹಸಿರು ತೋರಿಸುತ್ತಿತ್ತು. ಗಿಡ್ಡಪ್ಪ, "ನಡಿ," ಅನ್ನುತ್ತಿದ್ದ. ಓಬಕ್ಕ ಪೊರಕೆ ಕಟ್ಟುತ್ತಿದ್ದಳು.

ಏಪ್ರಿಲ್ ಕೊನೆಯಲ್ಲಿ ಅರ್ಧಗಳೂ ಮುಗಿದವು. ಒಂದು ದಿನ ಕೆಲಸ ಮುಗಿದ ಮೇಲೆ, ಹನ್ನೊಂದು ಗಂಟೆಗೆ, ಕೋಟು ತೆಗೆಯದೆ ಹಾಗೇ ಹರಿಹರದ ದಾರಿ ಹಿಡಿದೆ. ಬಸ್ಸಿಲ್ಲ. ಹದಿನಾಲ್ಕು ಕಿಲೋಮೀಟರು. ಎರಡು ಕಡೆ ಪೊಲೀಸರು ತಡೆದರು. ಕೋಟು ನೋಡಿ ಬಿಟ್ಟರು. ಒಬ್ಬ ಸಲಾಂ ಹೊಡೆದ, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಮೊದಲ ಐದು ಕಿಲೋಮೀಟರು ಮಂಡಿ ನೋಯಿತು. ಆಮೇಲೆ ಪಾದ ನೋಯಿತು. ಆಮೇಲೆ ಎಲ್ಲಿ ನೋಯುತ್ತಿದೆ ಅಂತ ಬೇರೆ ಮಾಡಲು ಆಗಲಿಲ್ಲ. ನೋವು ಒಂದು ಹದ್ದು ದಾಟಿದ ಮೇಲೆ ನಾನು ಬೇರೆ, ಅದು ಬೇರೆ ಆಗುತ್ತದೆ. ಅದು ನಡೆಯುತ್ತಿತ್ತು, ನಾನು ನೋಡುತ್ತಿದ್ದೆ. ಡಾಂಬರು ಮೆತ್ತಗಾಗಿತ್ತು. ರಸ್ತೆ ತುಂಬಾ ಖಾಲಿ. ಕಸವೂ ಇರಲಿಲ್ಲ.

ಜಾಫರ್ ನನ್ನನ್ನು ನೋಡಿದ ಕೂಡಲೇ ತಲೆ ತಗ್ಗಿಸಿದ. ಅಲ್ಲಿಗೇ ನನಗೆ ಉತ್ತರ ಸಿಕ್ಕಿತು. ಆದರೂ ಕೇಳಿದೆ.

"ಇಲ್ಲಕ್ಕ. ಒಂದು ಪಟ್ಟಿನೂ ಇಲ್ಲ. ಕಾರಿನಾಗೆ ಬಂದ್ರು. ಡಾಕ್ಟ್ರ ಚೀಟಿ ಹಿಡ್ಕೊಂಡೇ ಬಂದಿದ್ರು. ಇದ್ದ ಡಬ್ಬಿ ಎಲ್ಲಾ ಕೊಡು ಅಂದ್ರು, ಕೊಟ್ಟುಬಿಟ್ಟೆ."

"ಯಾರು?"

"ನಿಮ್ಮ ದಾವಣಗೆರೆಯೋರೆ. ಮಂಡಿಪೇಟೆ ವಾಮದೇವಪ್ಪ ಸಾವ್ಕಾರ್ರ ಕಾರು." ಮತ್ತೆ ಅಂದ, "ಅವರು ಹೋದ ಮ್ಯಾಲೆ ನೆನಪಾತಕ್ಕ. ಕೊಡೋವಾಗ ನೀನೂ ನೆನಪಾಗ್ಲಿಲ್ಲ. ಅಮ್ಮಾನೂ ನೆನಪಾಗ್ಲಿಲ್ಲ."

ಒಳಗಿಂದ ಹಜೀರಾಬಿ ಬಂದಳು. ಗೋಡೆ ಹಿಡಿದುಕೊಂಡು ಬಂದಳು. ಅವಳಿಗೂ ಗುಳಿಗೆ ಮುಗಿಯುತ್ತ ಬಂದಿತ್ತು. ಸ್ವಂತ ಮಗನ ಅಂಗಡಿ. ಮಗನ ಕಡೆ ನೋಡಲಿಲ್ಲ. ಸೆರಗಿನ ಗಂಟಿನಿಂದ ಒಂದು ಪಟ್ಟಿ ತೆಗೆದಳು. ಅದರಲ್ಲಿ ಆರು ಇದ್ದವು. ಮಗನ ಕೈಗೆ ಕೊಟ್ಟು, "ಅರ್ಧ ಕತ್ತರಿಸು," ಅಂದಳು. ಅವಳಿಗೆ ಕತ್ತರಿ ಹಿಡಿಯಲು ಬರುವುದಿಲ್ಲ, ನನಗೂ ಬರುವುದಿಲ್ಲ. ಜಾಫರ್ ಕತ್ತರಿಸಿದ.

"ರೊಟ್ಟಿ ಹಿಟ್ಟು ನಾದಾಕ ಆಗವಲ್ದು ಬೇಟಿ. ಸೊಸಿ ಮಾಡ್ತಾಳೆ. ನಿನಗೆ ಯಾರು ಮಾಡ್ತಾರೆ?" ಅಂದಳು.

ಮೂರು ಗುಳಿಗೆಯನ್ನು ಸೆರಗಿಗೆ ಕಟ್ಟಿಸಿಕೊಂಡೆ. ಟೊಮೆಟೊ ತುಂಬಿದ ಟೆಂಪೊ ಒಂದು ದಾವಣಗೆರೆಗೆ ಹೊರಟಿತ್ತು. ಜಾಫರ್ ಮಾತಾಡಿ ಹತ್ತಿಸಿದ. ಹತ್ತುವಾಗ ನನ್ನ ಕೈ ಹಿಡಿದು ಮೇಲೆತ್ತಲು ಬಂದ. ಕೈ ಮುಟ್ಟಬ್ಯಾಡ ಅಂದೆ. ನೋವಿಗೆ ಅಂದೆ ಅಂತ ತಿಳಿಯದೆ, ತಾನು ಸಾಬರವನು ಅಂತ ಅಂದೆ ಅಂದುಕೊಂಡು ಹಿಂದೆ ಸರಿದ. ವಿವರಿಸಲು ನನಗೆ ಶಕ್ತಿ ಇರಲಿಲ್ಲ.

ವಾಮದೇವಪ್ಪನವರ ಮನೆ ನಾನು ಕಸ ಎತ್ತುವ ಲೈನಿನದು. ಮಂಡಿಪೇಟೆಯ ಓಣಿ, ಕೆಳಗೆ ಅಂಗಡಿ, ಮೇಲೆ ಮನೆ. ಆ ಓಣಿಯ ಮನೆಗಳನ್ನು ನಾನು ಕಸದಿಂದ ಬಲ್ಲೆ. ಯಾರ ಮನೆಯಲ್ಲಿ ಮಗುವಿಗೆ ಹಾಲು ಬಿಡಿಸಿದರು, ಯಾರ ಗಂಡ ಕುಡಿಯಲು ಶುರು ಮಾಡಿದ, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಬಕೀಟಿನಲ್ಲಿ ಬರುತ್ತದೆ. ಕೊರೊನಾ ಬಂದ ಮೇಲೆ ವಾಮದೇವಪ್ಪನವರ ಸೊಸೆ ವಾಣಿಶ್ರೀ ಕೆಳಗಿಳಿಯುವುದನ್ನು ಬಿಟ್ಟಿದ್ದರು. ಮೇಲಿನ ಮಹಡಿಯ ಕಟಕಟೆಯಿಂದ ಹಗ್ಗ ಕಟ್ಟಿ ಎರಡು ಬಕೀಟು ಇಳಿಸುತ್ತಿದ್ದರು. ಹಸಿರು ಬಕೀಟಿನಲ್ಲಿ ಹಸಿ ಕಸ, ನೀಲಿಯಲ್ಲಿ ಒಣ ಕಸ.

ಇದನ್ನು ಕಲಿಸಿದವಳು ನಾನೇ. ಮೊದಲು ಅವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಎಸೆಯುತ್ತಿದ್ದರು. ಬೇರೆ ಮಾಡದಿದ್ದರೆ ನಮಗೆ ಬೈಗುಳ. ನಾನು ಹದಿನೈದು ದಿನ ಅವರ ಬಾಗಿಲಲ್ಲಿ ನಿಂತು ಹೇಳಿದ್ದೆ. ಅನ್ನ, ಸಿಪ್ಪೆ, ಕರಗುವಂಥದ್ದು ಇದಕ್ಕೆ. ಪ್ಲಾಸ್ಟಿಕ್ಕು, ಕವರು, ಕರಗದೇ ಇರುವಂಥದ್ದು ಅದಕ್ಕೆ. ಒಮ್ಮೆ ಕಲಿತ ಮೇಲೆ ವಾಣಿಶ್ರೀ ತಪ್ಪಿದ್ದಿಲ್ಲ. ಹಾಲಿನ ಕವರನ್ನು ತೊಳೆದು ಹಾಕುವ ಏಕೈಕ ಮನೆ ಅದು.

ಹರಿಹರದಿಂದ ಬಂದ ಮರುದಿನ ನೀಲಿ ಬಕೀಟಿನಲ್ಲಿ ಖಾಲಿ ಪಟ್ಟಿ ಇತ್ತು. ನನ್ನ ಗುಳಿಗೆಯ ಪಟ್ಟಿ. ಆಮೇಲೆ ವಾರವಾರವೂ ಬಂದವು. ಮನೆ ಮಂದಿಯೆಲ್ಲ ತಿನ್ನುತ್ತಿದ್ದರು ಅಂತ ಕಾಣುತ್ತದೆ. ಖಾಲಿ ಪಟ್ಟಿಯನ್ನು ಹಿಡಿದು ಒಂದೊಂದು ಗುಳಿಯನ್ನೂ ಒತ್ತಿ ನೋಡಿದೆ. ಯಾವುದರಲ್ಲಾದರೂ ಉಳಿದಿರಬಹುದು ಅಂತ. ಮೇಲೆ ವಾಣಿಶ್ರೀ ನಿಂತಿದ್ದರು.

"ಏನು ನೋಡ್ತಿದೀಯಾ ದುರ್ಗಮ್ಮ? ಸರಿಯಾಗಿ ಹಾಕಿಲ್ವಾ?"

"ಸರಿಯಾಗಿ ಹಾಕೀರಿ ಅಕ್ಕಾರೆ. ಈ ಗುಳಿಗಿ ನನ್ನವು. ಅಂದ್ರ, ನಾನೂ ಇವನ್ನೇ ತಗೊಳ್ಳೋದು. ಕೀಲು ನೋವಿಗೆ. ಎಲ್ಲೂ ಸಿಗವಲ್ದು. ನಿಮ್ಮ ಮನ್ಯಾಗೆ ಇದ್ರ ಒಂದು ಪಟ್ಟಿ ಕೊಡ್ರಿ. ಮುಂದ ಸಿಕ್ಕಾಗ ವಾಪಸ್ ತಂದು ಕೊಡ್ತೀನಿ."

ವಾಣಿಶ್ರೀ ಕೆಟ್ಟವರಲ್ಲ. ಹಬ್ಬಕ್ಕೆ ಹೋಳಿಗೆ ಕೊಡುತ್ತಾರೆ, ಅದನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

"ನಿಮಗ್ಯಾಕೆ ಅದು? ನಿಮ್ಮಂಥೋರಿಗೆ ಕೊರೊನಾ ಬರಲ್ಲ ಕಣೆ. ದಿನಾ ಕಸದಾಗೇ ಇರ್ತೀರಿ, ಮೈಯಾಗೆ ಇಮ್ಯುನಿಟಿ ಇರ್ತೈತೆ. ನಮ್ಮದು ಸೂಕ್ಷ್ಮ. ಮಾವಾರಿಗೆ ವಯಸ್ಸು ಬೇರೆ ಆಗೈತೆ."

"ಕೊರೊನಾಕ್ಕಲ್ರಿ, ಕೈ ನೋವಿಗೆ."

"ಕೈ ನೋವಿಗೆ ಬಿಸಿ ನೀರಿಗೆ ಉಪ್ಪು ಹಾಕ್ಕೊಂಡು ಅದ್ದು. ಆಯ್ತು, ಮಾವಾರನ್ನ ಕೇಳಿ ನೋಡ್ತೀನಿ."

ಹಗ್ಗ ಮೇಲೆ ಹೋಯಿತು.

ಮೇ ತಿಂಗಳಿಡೀ ನಾನು ಕಾದೆ. ಪ್ರತಿದಿನ ಕಟಕಟೆ ಕೆಳಗೆ ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದೆ. ಎರಡು ಸಲ ನೆನಪು ಮಾಡಿದೆ. ಮೂರನೇ ಸಲ ಬಾಯಿ ಬರಲಿಲ್ಲ. ಹಜೀರಾಬಿಯ ಮೂರು ಗುಳಿಗೆ ಯಾವಾಗಲೋ ಮುಗಿದಿದ್ದವು. ಬಲಗೈಯ ಕಿರುಬೆರಳು ಪಕ್ಕಕ್ಕೆ ವಾಲಿತು, ಮತ್ತೆ ನೆಟ್ಟಗಾಗಲಿಲ್ಲ. ಅದು ಇನ್ನು ನೆಟ್ಟಗಾಗುವುದಿಲ್ಲ. ಚಪ್ಪಲಿಯ ಉಂಗುಷ್ಠಕ್ಕೆ ಹೆಬ್ಬೆರಳು ತೂರುತ್ತಿರಲಿಲ್ಲ, ಪರಶುರಾಮ ಕತ್ತಿಯಿಂದ ಉಂಗುಷ್ಠ ಕೊಯ್ದು ದೊಡ್ಡದು ಮಾಡಿಕೊಟ್ಟ. ನಾನು ಅಳಲಿಲ್ಲ. ಅಳು ಬರುತ್ತಿರಲಿಲ್ಲ. ಒಲೆ ಮೇಲಿನ ಅನ್ನದ ಪಾತ್ರೆ ಇಳಿಸಲು ಹೋಗಿ ಬೀಳಿಸಿದ ದಿನವೂ ನೆಲದ ಮೇಲಿನ ಅನ್ನ ನೋಡುತ್ತಾ ನಿಂತೆ, ಅಷ್ಟೇ. ಭಟ್ಟಿ ಮುಚ್ಚಿ ಮನೆಯಲ್ಲೇ ಕೂತಿದ್ದ ಪರಶುರಾಮ ಅದನ್ನು ಬಳಿದು ಎತ್ತಿದ. ಆ ಮಧ್ಯಾಹ್ನ ಅವನು ಮೊದಲ ಸಲ ನನ್ನ ಕೈಯನ್ನು ನೋಡಿದ.

ತಿಂಗಳ ಕೊನೆಯ ಶುಕ್ರವಾರ ಗಿಡ್ಡಪ್ಪ ಹಾಜರಿಯ ಹೊತ್ತಲ್ಲಿ ಖುಷಿಯಾಗಿದ್ದ.

"ಭಾನುವಾರ ಎಲ್ಲರೂ ಜಳಕ ಮಾಡಿ, ಚಲೋ ಸೀರೆ ಉಟ್ಕೊಂಡು ಬರ್ರಿ. ವಾಮದೇವಪ್ಪ ಸಾವ್ಕಾರ್ರು ಪೌರಕಾರ್ಮಿಕರಿಗೆ ಪಾದಪೂಜೆ ಇಟ್ಕಂಡಾರ. ಹನ್ನೊಂದು ಮಂದಿಗೆ. ಪೇಪರ್ನೋರು ಬರ್ತಾರೆ. ರೇಷನ್ ಕಿಟ್ಟು ಕೊಡ್ತಾರೆ, ಸೀರೆ ಕೊಡ್ತಾರೆ. ದುರ್ಗಿ, ನಿನ್ನನ್ನ ಮೊದಲನೇ ಕುರ್ಚಿಗೆ ಕೂರಿಸ್ತೀನಿ. ಅವರ ಓಣಿ ಕೆಲಸ ನಿಂದಲ್ಲ?"

"ನನ್ನ ಕಾಲು ಮುಟ್ಟಿಸ್ಕೊಳ್ಳಾಕೆ ಆಗಲ್ಲಣ್ಣ. ಭಾಳ ಊದೈತಿ."

"ಅಯ್ಯ! ಅಂಥ ದೊಡ್ಡೋರು ಕಾಲು ತೊಳಿತೀನಿ ಅಂತಾರೆ, ಈಕಿ ನಾಜೂಕು ನೋಡ್ರಿ," ಅಂದ. ಎಲ್ಲರೂ ನಕ್ಕರು. ಓಬಕ್ಕ ನಗಲಿಲ್ಲ. ಪೊರಕೆ ಕಟ್ಟುತ್ತಿದ್ದಳು.

ಶನಿವಾರ ಬೆಳಿಗ್ಗೆ ಬಕೀಟು ಇಳಿಯಿತು. ಎರಡೂ ಭಾರವಾಗಿದ್ದವು. ನೀಲಿಯಲ್ಲಿ ಖಾಲಿ ಪಟ್ಟಿಗಳು ತುಂಬಿದ್ದವು. ಒಂದೆರಡಲ್ಲ. ಡಬ್ಬಿಗಳೂ ಇದ್ದವು, ಮಡಚಿ ಚಪ್ಪಟೆ ಮಾಡಿ ಇಟ್ಟಿದ್ದರು. ಒಂದೇ ರಾತ್ರಿಯಲ್ಲಿ ಇಷ್ಟು ತಿಂದರೇ ಅಂತ ಹಸಿರು ಬಕೀಟು ನೋಡಿದೆ. ತಂಗಳನ್ನ, ಸಾರು, ಸೌತೆಸಿಪ್ಪೆ. ಅನ್ನದ ಮೇಲೆ, ಅನ್ನದ ಒಳಗೆ, ಬಿಳಿ ಬಿಳಿಯಾಗಿ ಏನೋ ಕರಗಿ ಪೇಸ್ಟಿನಂತಾಗಿತ್ತು. ಬೆರಳು ಮಡಚದೆ ಅಂಗೈ ಅಂಚಿನಿಂದ ಸ್ವಲ್ಪ ಗೋರಿದೆ. ನಾಲಿಗೆಗೆ ಇಟ್ಟೆ.

ಕಹಿ. ಅದೇ ಕಹಿ.

ಓಬಕ್ಕ ಗಾಡಿಯ ಹತ್ತಿರ ನಿಂತು ಇದನ್ನು ನೋಡಿದಳು. ಮುಖ ತಿರುಗಿಸಿಕೊಂಡಳು.

ಮೇಲಿಂದ ವಾಣಿಶ್ರೀ ಹೇಳುತ್ತಿದ್ದರು. ದನಿಯಲ್ಲಿ ಒಂದು ಹೆಮ್ಮೆ ಇತ್ತು. "ನೋಡು ದುರ್ಗಮ್ಮ, ನೀನು ಹೇಳಿದಂಗೇ ಬೇರೆ ಬೇರೆ ಮಾಡೀನಿ. ಕರಗೋದು ಹಸಿದಕ್ಕೆ, ಪಟ್ಟಿ ಒಣದಕ್ಕೆ. ಟಿವಿಯಾಗೆ ಹೇಳಿದ್ರಲ್ಲ, ಆ ಗುಳಿಗಿ ಹಾರ್ಟಿಗೆ ಕೆಟ್ಟದ್ದಂತೆ, ಕೊರೊನಾಕ್ಕೂ ಕೆಲಸ ಮಾಡಲ್ವಂತೆ. ಮನ್ಯಾಗೆ ಇಡಬ್ಯಾಡ ಅಂದ್ರು ಮಾವಾರು. ನಿನ್ನೆ ಕೂತ್ಕೊಂಡು ಎಲ್ಲಾ ಬಿಡಿಸೋದ್ರಾಗೆ ಒಂದು ತಾಸು ಹಿಡೀತು."

ಒಂದು ತಾಸು. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಹಾಳೆ ಹರಿದು, ಹೊರಗೆ ತೆಗೆದು. ಅಷ್ಟು ಗುಳಿಗೆ ಬಿಡಿಸಲು ಎಂಥ ಬೆರಳು ಬೇಕು ಅಂತ ನನಗೆ ಗೊತ್ತು. ನೋವಿಲ್ಲದ ಬೆರಳು ಬೇಕು.

"ನಾನು ಕೇಳಿದ್ನಲ್ರಿ ಅಕ್ಕಾರೆ."

ವಾಣಿಶ್ರೀ ಕೆಳಗೆ ಬಕೀಟಿನ ಕಡೆ ನೋಡಿದರು. ಕೈ ಬಾಯಿಗೆ ಹೋಯಿತು. "ಅಯ್ಯೋ. ನೆನಪೇ ಆಗ್ಲಿಲ್ಲ ಕಣೆ."

ಪಟ್ಟಿಯಲ್ಲೇ ಇದ್ದಿದ್ದರೆ ಸಾರಿನಲ್ಲಿ ಬಿದ್ದಿದ್ದರೂ ಒರೆಸಿ ತಗೊಳ್ಳುತ್ತಿದ್ದೆ. ಒಟ್ಟಿಗೆ ಸುರಿದು ಎಸೆಯುವ ಹಳೇ ಚಾಳಿ ಇದ್ದಿದ್ದರೆ ನನ್ನ ಕೈ ಉಳಿಯುತ್ತಿತ್ತು. ಬೇರೆ ಮಾಡ್ರಿ ಅಂತ ಕಲಿಸಿದವಳು ನಾನು. ನನಗೆ ನಗು ಬಂತು. ಮಾಸ್ಕಿನ ಒಳಗೆ ನಕ್ಕಿದ್ದು ಯಾರಿಗೂ ಕಾಣಲಿಲ್ಲ. ಅವರೇ ತೊಳೆದು ಹಾಕಿದ್ದ ಹಾಲಿನ ಕವರೊಂದನ್ನು ನೀಲಿ ಬಕೀಟಿನಿಂದ ತೆಗೆದೆ. ಆ ಬಿಳಿ ರಾಡಿಯನ್ನು, ಅಗುಳುಗಳ ಸಮೇತ, ಅದಕ್ಕೆ ತುಂಬಿದೆ. ಕೋಟಿನ ಜೇಬಿಗೆ ಹಾಕಿಕೊಂಡೆ. ಯಾಕೆ ಅಂತ ಆಗ ನನಗೆ ಗೊತ್ತಿರಲಿಲ್ಲ. ತಿನ್ನಬಹುದು ಅಂತಲೇ ಇರಬೇಕು. ಸಂಜೆ ಬಿಚ್ಚಿ ನೋಡಿದೆ. ಹಳಸಿತ್ತು. ತಿನ್ನಲಿಲ್ಲ. ಎಸೆಯಲೂ ಇಲ್ಲ.

ಭಾನುವಾರ ಅವರ ಅಂಗಡಿಯ ಮುಂದೆ ಶಾಮಿಯಾನ ಹಾಕಿದ್ದರು. ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ಹಿಂದೆ ಬಟ್ಟೆಯ ಬ್ಯಾನರು, ಅದರಲ್ಲಿ ವಾಮದೇವಪ್ಪನವರ ಕೈಮುಗಿದ ಫೋಟೊ. ನಮ್ಮ ಫೋಟೊ ಇರಲಿಲ್ಲ, ಪೊರಕೆಯದೊಂದು ಚಿತ್ರ ಇತ್ತು. ಸೀರೆಯ ಮೇಲೆ ಕಿತ್ತಳೆ ಕೋಟು ಹಾಕಿಕೊಂಡೇ ಹೋಗಿದ್ದೆವು. ಚಪ್ಪಲಿಗಳನ್ನು ಓಣಿಯ ಆಚೆ ಬಿಡಿಸಿದರು. ಗಿಡ್ಡಪ್ಪ ನನ್ನನ್ನು ಮೊದಲ ಕುರ್ಚಿಗೆ ಕೂರಿಸಿದ. ಪಕ್ಕದಲ್ಲಿ ಓಬಕ್ಕ.

ಆ ಮನೆಯ ಪಾದಪೂಜೆಯನ್ನು ನಾನು ಹಿಂದೆಯೂ ನೋಡಿದ್ದೇನೆ. ಸ್ವಾಮಿಗಳು ಬಂದಾಗ ಹಿತ್ತಾಳೆಯ ದೊಡ್ಡ ಹರಿವಾಣ ತರುತ್ತಾರೆ. ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಂಡು ಮನೆ ಮಂದಿಯೆಲ್ಲ ಕುಡಿಯುತ್ತಾರೆ. ನಮಗೆ ಹೊಸ ಸ್ಟೀಲ್ ಬೇಸಿನ್ನು ತಂದಿದ್ದರು, ಅದರ ಮೇಲಿನ ಅಂಗಡಿ ಚೀಟಿ ಇನ್ನೂ ಕಿತ್ತಿರಲಿಲ್ಲ. ನೀರು ಚೆಲ್ಲಲು ಪಕ್ಕದಲ್ಲೇ ಗಟಾರದ ಹತ್ತಿರ ಜಾಗ ಮಾಡಿದ್ದರು. ಆ ಗಟಾರ ಬಳಿಯುವವಳು ನಾನು. ನನ್ನ ಕಾಲಿನ ನೀರನ್ನು ನಾಳೆ ನಾನೇ ಬಳಿಯಬೇಕು.

ವಾಮದೇವಪ್ಪನವರು ಬಂದರು. ಬಿಳಿ ಪಂಚೆ, ಬಿಳಿ ಮಾಸ್ಕು, ಕೈಗೆ ರಬ್ಬರಿನ ಗವಸು. ಸ್ಟೂಲು ಹಾಕಿಕೊಂಡು ನನ್ನ ಮುಂದೆ ಕೂತರು. ವಯಸ್ಸಾದವರು, ಅವರ ಮಂಡಿಯೂ ಲಟಕ್ಕೆಂದಿತು. ವಾಣಿಶ್ರೀ ತಂಬಿಗೆ ಹಿಡಿದು ನಿಂತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಫೋಟೊದವನು, "ಅಮ್ಮ, ಕಾಲು ಮುಂದಿಡ್ರಿ," ಅಂದ.

ಇಟ್ಟೆ. ವಾಮದೇವಪ್ಪನವರು ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದರು. ಊದಿದ ಕೀಲಿನ ಮೇಲೆ ಹೆಬ್ಬೆರಳು. ಅವರು ಮೆಲ್ಲಗೇ ಹಿಡಿದರು. ಮೆಲ್ಲಗೆ ಹಿಡಿದರೂ ನನ್ನ ಕಣ್ಣು ಕತ್ತಲೆಯಾಯಿತು.

"ಬಿಡ್ರಿ," ಅಂದೆ. ಮಾಸ್ಕಿನೊಳಗೆ ಕೇಳಿಸಲಿಲ್ಲ.

"ಇನ್ನೊಂದು ಸಲ ಸಾರ್, ಸ್ವಲ್ಪ ಮೇಲೆತ್ತಿ ಹಿಡೀರಿ. ಮುಖಾನೂ ಕಾಲೂ ಎರಡೂ ಬರಲಿ," ಅಂದ ಫೋಟೊದವನು. ವಾಮದೇವಪ್ಪನವರು ಕಾಲು ಮೇಲೆತ್ತಿದರು. ಮಂಡಿ ಬಾಗುವುದಿಲ್ಲ, ಇಡೀ ಕಾಲು ಸೊಂಟದಿಂದ ಎದ್ದಿತು.

"ನೀವೇ ನಮ್ಮ ದೇವರು ತಾಯಿ," ಅಂದರು ಅವರು, ಜೋರಾಗಿ, ಎಲ್ಲರಿಗೂ ಕೇಳುವಂತೆ.

ನಾನು ಮಾಸ್ಕು ಕೆಳಗೆ ಎಳೆದೆ. "ಕಾಲು ಬಿಡ್ರಿ ಸಾವ್ಕಾರ್ರೆ."

ಅವರು ಬೆಚ್ಚಿ ಬಿಟ್ಟರು. ಹಿಮ್ಮಡಿ ಬೇಸಿನ್ನಿನ ಅಂಚಿಗೆ ಬಡಿಯಿತು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಕೋಟಿನ ಜೇಬಿನಿಂದ ಹಾಲಿನ ಕವರು ತೆಗೆದೆ. ಬಿಚ್ಚಲು ಬರಲಿಲ್ಲ. ಹಲ್ಲಿನಲ್ಲಿ ಹರಿದೆ. ಬೇಸಿನ್ನಿಗೆ ಸುರಿದೆ. ಹುಳಿ ವಾಸನೆ ಎದ್ದಿತು. ಬಿಳಿ ರಾಡಿ, ಅನ್ನದ ಅಗುಳು, ಒಂದೆರಡು ಪೂರ್ತಿ ಕರಗದ ಗುಳಿಗೆ.

"ಕಾಲು ಬ್ಯಾಡ. ಇದನ್ನ ತೊಳೀರಿ," ಅಂದೆ.

ಫೋಟೊದವನು ಕ್ಯಾಮೆರಾ ಇಳಿಸಿದ.

"ಇದೇನಿದು? ಏನು ತಂದು ಹಾಕಿದ್ಲು ಈಕಿ?" ಅಂದರು ವಾಮದೇವಪ್ಪನವರು. ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

"ನಿಮ್ಮ ಮನಿ ಕಸ. ಹರಿಹರದಿಂದ ಕಾರಿನಾಗೆ ತಂದಿದ್ರಲ್ಲ, ಆ ಗುಳಿಗಿ. ತಿಂಗಳಿಂದ ಬೇಡಿದೆ, ಒಂದು ಪಟ್ಟಿ ಕೊಡ್ಲಿಲ್ಲ. ನಿನ್ನೆ ಅನ್ನದಾಗೆ ಕಲಸಿ ಕೊಟ್ರಿ. ನಾನು ದೇವರಲ್ರಿ. ನನ್ನ ಕೈ ನೋಡ್ರಿ." ಬಲಗೈ ಎತ್ತಿ ಅವರ ಮುಖದ ಮುಂದೆ ಹಿಡಿದೆ. ಕಿರುಬೆರಳು ಪಕ್ಕಕ್ಕೆ ವಾಲಿತ್ತು. "ತೊಳೀರಿ ಇದನ್ನ. ಅನ್ನ ಬ್ಯಾರೆ ಮಾಡ್ರಿ, ಗುಳಿಗಿ ಬ್ಯಾರೆ ಮಾಡ್ರಿ. ಒಂದೊಂದೇ ಪಟ್ಟಿಗೆ ತುಂಬಿ ಕೊಡ್ರಿ. ಅಲ್ಲೀ ತನಕ ನಿಮ್ಮನಿ ಬಕೀಟು ನಾನು ಮುಟ್ಟಂಗಿಲ್ಲ."

ವಾಣಿಶ್ರೀ ತಂಬಿಗೆ ಕೆಳಗಿಟ್ಟರು. ಅವರು ಅಳುತ್ತಿದ್ದರೋ ಏನೋ, ಮಾಸ್ಕಿನಲ್ಲಿ ತಿಳಿಯಲಿಲ್ಲ. ಅವರು ಅತ್ತಿದ್ದರೂ ನನಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಗಿಡ್ಡಪ್ಪ ಓಡಿ ಬಂದ. "ಏ ದುರ್ಗಿ, ತಲಿ ಕೆಟ್ಟೈತೇನು? ಮಾಫಿ ಮಾಡ್ರಿ ಸಾವ್ಕಾರ್ರೆ, ಈಕಿಗೆ ಹುಷಾರಿಲ್ಲ. ನಾಳಿಂದ ನಿನ್ನ ಹಾಜರಿ ಇಲ್ಲ, ತಿಳೀತಾ? ನಡಿ ಇಲ್ಲಿಂದ! ಓಬಕ್ಕ, ನೀನು ಬಾ, ಈ ಕುರ್ಚಿಗೆ ಕೂತ್ಕ."

ಎದ್ದೆ. ಏಳಲು ಹೊತ್ತು ಹಿಡಿಯಿತು. ಕುರ್ಚಿಯ ಕೈಯನ್ನು ಮೊಣಕೈಯಿಂದ ಒತ್ತಿ ಎದ್ದೆ. ಅಷ್ಟು ಹೊತ್ತೂ ಎಲ್ಲರೂ ನೋಡುತ್ತ ನಿಂತಿದ್ದರು. ಸಿಟ್ಟಿನಲ್ಲಿ ಎದ್ದುಹೋಗುವವರು ಸರಕ್ಕನೆ ಎದ್ದುಹೋಗುತ್ತಾರೆ. ನನಗೆ ಅದೂ ಸಾಧ್ಯವಿರಲಿಲ್ಲ. ಕಿಟ್ಟು ಬಿಟ್ಟೆ. ಸೀರೆ ಬಿಟ್ಟೆ. ಒದ್ದೆ ಕಾಲಿನಲ್ಲಿ ಓಣಿ ತುದಿಗೆ ಬಂದೆ. ಏನೂ ಅನ್ನಿಸುತ್ತಿರಲಿಲ್ಲ. ಗೆದ್ದೆ ಅನ್ನಿಸಲಿಲ್ಲ, ಭಯ ಅನ್ನಿಸಲಿಲ್ಲ. ನಾಳೆ ಹಾಜರಿ ಇಲ್ಲ ಅನ್ನುವುದು ತಲೆಗೆ ಹೋಗಿತ್ತು, ಆದರೆ ಇನ್ನೂ ಎಲ್ಲಿಯೂ ತಾಗಿರಲಿಲ್ಲ. ಬಿಸಿಲಿಗೆ ನೆಲ ಕಾದಿತ್ತು. ಕಾಲು ಸುಡುತ್ತಿದೆ ಅಂತ ಗೊತ್ತಾಗಿದ್ದು ಮಂಡಿ ಅಂಗಡಿಗಳ ಹತ್ತಿರ ಬಂದ ಮೇಲೆ. ಚಪ್ಪಲಿ ಮರೆತಿದ್ದೆ.

"ನಿಂತ್ಕಳೇ," ಅಂತ ಹಿಂದಿನಿಂದ ಕೂಗು.

ಓಬಕ್ಕ ಬರುತ್ತಿದ್ದಳು. ಅವಳೂ ಬರಿಗಾಲು. ಒಂದು ಕೈಯಲ್ಲಿ ಅವಳ ಚಪ್ಪಲಿ, ಒಂದು ಕೈಯಲ್ಲಿ ನನ್ನವು. ಕಿಟ್ಟು ಅವಳ ಹತ್ತಿರವೂ ಇರಲಿಲ್ಲ.

"ನೀನ್ಯಾಕೆ ಬಂದಿ? ಕೂತ್ಕ ಅಂದಿದ್ನಲ್ಲ ಗಿಡ್ಡಪ್ಪ."

"ಕೂತೆ. ಮತ್ತ ಆ ಬೇಸಿನ್ನೇ ಮುಂದಿಟ್ರು. ನಿನ್ನ ಗುಳಿಗಿ ಗಟಾರಕ್ಕೆ ಚೆಲ್ಲಿ, ಅದೇ ಬೇಸಿನ್ನಾಗೆ ಕಾಲಿಡು ಅಂದ್ರು. ಇಡಲಿಲ್ಲ."

ಚಪ್ಪಲಿ ಕೆಳಗೆ ಇಟ್ಟಳು. ನಾನು ಕಾಲು ತೂರಿಸಲು ನೋಡಿದೆ. ಬಗ್ಗಲು ಆಗುವುದಿಲ್ಲ, ನಿಂತೇ ತೂರಿಸಬೇಕು. ಉಂಗುಷ್ಠ ಕೊಯ್ದು ದೊಡ್ಡದು ಮಾಡಿದ್ದರೂ ಹೆಬ್ಬೆರಳು ಹೋಗಲಿಲ್ಲ. ಎರಡು ಸಲ ನೋಡಿದೆ. ಓಬಕ್ಕ ಸೊಂಟ ಹಿಡಿದುಕೊಂಡು ಆ ಕಾದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ನನ್ನ ಪಾದವನ್ನು ಕೈಯಲ್ಲಿ ತಗೊಂಡಳು. ಗವಸಿಲ್ಲದ ಕೈ, ಒರಟು ಕೈ. ಸೆರಗಿನಿಂದ ಒದ್ದೆ ಒರೆಸಿದಳು. ಹೆಬ್ಬೆರಳನ್ನು ಹಿಡಿದು ಉಂಗುಷ್ಠದೊಳಗೆ ತಳ್ಳಿದಳು.

"ನೋವಾತೇನೆ?"

ಆ ಮೂರು ತಿಂಗಳಲ್ಲಿ, ಆ ಏಳು ವರ್ಷಗಳಲ್ಲಿ, ನಾನು ಈ ಪ್ರಶ್ನೆಗೆ ಯಾವತ್ತೂ ಇಲ್ಲ ಅಂತಲೇ ಹೇಳಿದ್ದೆ.

"ಆತು," ಅಂದೆ.

"ಹೂಂ," ಅಂದಳು ಓಬಕ್ಕ. ಇನ್ನೊಂದು ಕಾಲು ತಗೊಂಡಳು.